1,500 ರೂಪಾಯಿ ಒಳಗಿನ ಇಯರ್‌ಬಡ್ಸ್: ಕೇಳಲಿಕ್ಕೆ ಅಡ್ಡಿ ಇಲ್ಲ, ಮಾತಾಡಲಿಕ್ಕೆ ಕಷ್ಟ

ನೀವು ಕೇಳಿದ್ದು ಇಷ್ಟು ಅಲ್ವಾ: ದಿನಾ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್‌ಗೆ ಬಸ್ಸಲ್ಲಿ ಹೋಗಿ ಬರುತ್ತೀರಿ, 1,500 ರೂಪಾಯಿ ಒಳಗೆ ವಯರ್ ಇಲ್ಲದ ಇಯರ್‌ಬಡ್ಸ್ ಬೇಕು, ಹಾಡಿಗೂ ಆಗಬೇಕು, ಕಾಲ್‌ಗೂ ಆಗಬೇಕು, ನಮ್ಮ ಮಳೆಗೆ ಬಾಳಿಕೆ ಬರುತ್ತದಾ ಅಂತ. ಹಾಡಿಗೆ ಧಾರಾಳ ಸಾಕು. ಬಸ್ಸಲ್ಲಿ ಕಾಲ್ ಮಾಡಲಿಕ್ಕೆ ಆಗುವುದಿಲ್ಲ. ಮಳೆಯದ್ದು ಸ್ವಲ್ಪ ಉದ್ದ ಕತೆ, ಕೆಳಗೆ ಬರೆಯುತ್ತೇನೆ.

ನಾನು ಒಂದೂಕಾಲು ವರ್ಷದಿಂದ 1,299 ರೂಪಾಯಿಯ ಒಂದು ಜೋಡಿ ಬಳಸುತ್ತಿದ್ದೇನೆ. ಕಂಪನಿ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನ ಇಲ್ಲ, ಈ ಬೆಲೆಯ ಮಾಡೆಲ್‌ಗಳು ಬೇಗ ಬೇಗ ಬದಲಾಗುತ್ತವೆ, ನೀವು ಹುಡುಕುವ ಹೊತ್ತಿಗೆ ಅದು ಇರುವುದಿಲ್ಲ.

ಮೊದಲು ಸೌಂಡ್. ಬಾಕ್ಸ್ ಮೇಲೆ 10 ಎಂಎಂ ಡ್ರೈವರ್, 13 ಎಂಎಂ ಡ್ರೈವರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಡ್ರೈವರ್ ಅಂದರೆ ಬಡ್ಸ್ ಒಳಗಿನ ಪುಟ್ಟ ಸ್ಪೀಕರ್. ಅದನ್ನು ನೋಡಿ ತಗೊಳ್ಳಬೇಡಿ, ಡ್ರೈವರ್ ದೊಡ್ಡದು ಅಂದ ಕೂಡಲೇ ಸೌಂಡ್ ಒಳ್ಳೆಯದು ಅಂತ ಅಲ್ಲ. ಈ ಬೆಲೆಯಲ್ಲಿ ಹೆಚ್ಚಿನವರು ಬೇಸ್ ಜಾಸ್ತಿ ಕೊಟ್ಟು ಕಳಿಸುತ್ತಾರೆ, ಅಂಗಡಿಯಲ್ಲಿ ಒಂದು ನಿಮಿಷ ಕೇಳಿದಾಗ ಭಾರೀ ಖುಷಿಯಾಗುತ್ತದೆ. ನನ್ನ ಪರೀಕ್ಷೆ ಬೇರೆ. ನಾನು ಯಕ್ಷಗಾನದ ರೆಕಾರ್ಡಿಂಗ್ ಹಾಕಿ ಕೇಳುತ್ತೇನೆ. ಮದ್ದಳೆ ಊದಿಕೊಂಡು ಡಬ್ಬಾ ಬಡಿದ ಹಾಗೆ ಕೇಳಿತೋ, ಬೇಸ್ ಅತಿಯಾಗಿದೆ ಅಂತ ಅರ್ಥ. ಚೆಂಡೆಯ ಪೆಟ್ಟು ಕಿವಿಗೆ ಸೂಜಿ ಚುಚ್ಚಿದ ಹಾಗಾದರೆ ಮೇಲಿನ ಸ್ವರ ಅತಿಯಾಗಿದೆ. ಇವೆರಡರ ನಡುವೆ ಭಾಗವತರ ಪದದ ಅಕ್ಷರ ಬಿಡಿಸಿ ಕೇಳುತ್ತದಾ ಇಲ್ಲವಾ, ಅದೇ ಮುಖ್ಯ. ನನ್ನದರಲ್ಲಿ ಮೊದಲಿಗೆ ಭಾಗವತರು ಗೋಡೆಯ ಆಚೆ ಕೂತು ಹಾಡಿದ ಹಾಗಿತ್ತು. ಆ್ಯಪ್‌ನ ಈಕ್ವಲೈಜರ್‌ನಲ್ಲಿ ಬೇಸ್ ಎರಡು ಗೆರೆ ಇಳಿಸಿದ ಮೇಲೆ ಸರಿಯಾಯಿತು. ತಾಳಮದ್ದಳೆಯ ಅರ್ಥ, ಅಂದರೆ ಅರ್ಥಧಾರಿಗಳ ಮಾತು, ಕೇಳುವವರಿಗಾದರೆ ಯಾವ ತೊಂದರೆಯೂ ಇಲ್ಲ, ಬರೀ ಮಾತಿಗೆ ಇಂಥ ಬಡ್ಸ್ ಚೆನ್ನಾಗಿಯೇ ಇರುತ್ತದೆ.

ಆದರೆ ಸೌಂಡ್ ಸರಿ ಇಲ್ಲ ಅಂತ ವಾಪಸ್ ಕೊಡುವ ಮೊದಲು ರಬ್ಬರ್ ತುದಿ ಬದಲಿಸಿ ನೋಡಿ. ಬಾಕ್ಸಲ್ಲಿ ಮೂರು ಸೈಜ್ ಕೊಟ್ಟಿರುತ್ತಾರೆ, ಸುಮಾರು ಜನ ಅದನ್ನು ಮುಟ್ಟುವುದೇ ಇಲ್ಲ. ಹಾಡು ಓಡುತ್ತಿರುವಾಗ ಬಡ್ ಅನ್ನು ಬೆರಳಿಂದ ಮೆಲ್ಲ ಒಳಗೆ ಒತ್ತಿ. ಬೇಸ್ ಒಮ್ಮೆಗೇ ಏರಿದರೆ ತುದಿ ಸಡಿಲ ಉಂಟು ಅಂತ ಲೆಕ್ಕ, ಒಂದು ಸೈಜ್ ದೊಡ್ಡದು ಹಾಕಿ. ಎರಡೂ ಕಿವಿಗೆ ಒಂದೇ ಸೈಜ್ ಆಗಬೇಕೆಂದಿಲ್ಲ ಮಾರಾಯ್ರೆ, ನನ್ನ ಎಡಕ್ಕೆ ಮಧ್ಯದ್ದು, ಬಲಕ್ಕೆ ಸಣ್ಣದು. ಇದು ಗೊತ್ತಾಗಲಿಕ್ಕೆ ನನಗೆ ಎರಡು ತಿಂಗಳು ಬೇಕಾಯಿತು, ಅಷ್ಟರವರೆಗೆ ಬಲದ್ದು ನೋಯುತ್ತದೆ ಅಂತ ಸುಮ್ನೆ ಕಂಪನಿಗೆ ಬೈದುಕೊಂಡಿದ್ದೆ.

ಈಗ ಕಾಲ್. ಬಾಕ್ಸ್ ಮೇಲೆ ಇಎನ್‌ಸಿ ಅಂತ ಇದ್ದರೆ ಅದನ್ನು ಎಎನ್‌ಸಿ ಅಂತ ಓದಬೇಡಿ. ಒಂದೇ ಅಕ್ಷರದ ವ್ಯತ್ಯಾಸ, ಕೆಲಸ ಪೂರ್ತಿ ಬೇರೆ. ಎಎನ್‌ಸಿ ಇದ್ದರೆ ಹೊರಗಿನ ಸದ್ದು ನಿಮಗೆ ಕಡಿಮೆ ಕೇಳುತ್ತದೆ, ಅದೂ ಇಂಜಿನ್, ಫ್ಯಾನ್ ಥರದ ಒಂದೇ ಸಮ ಗುಂಯ್‌ಗುಡುವ ಸದ್ದು ಮಾತ್ರ. ಹಾರ್ನ್‌ಗೆ, ಕಂಡಕ್ಟರನ ಸೀಟಿಗೆ ಅದು ಹೆಚ್ಚೇನೂ ಮಾಡುವುದಿಲ್ಲ. ಇಎನ್‌ಸಿ ಕೆಲಸ ಮಾಡುವುದು ನಿಮ್ಮ ಮೈಕಿನ ಮೇಲೆ, ಅದರ ಪ್ರಯೋಜನ ಆಚೆ ಕಡೆಯವರಿಗೆ. ಆ ಪ್ರಯೋಜನ ಎಷ್ಟು ಅಂತ ನಾನು ನೋಡಿದ್ದೇನೆ. ಕೂಳೂರು ಸೇತುವೆ ಹತ್ತಿರ ಬಸ್ ನಿಂತಿತ್ತು, ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಹಿಡಿದಿದ್ದ, ನಾನು ಮನೆಗೆ ಕಾಲ್ ಮಾಡಿ ಬರುವುದು ತಡ ಆಗುತ್ತದೆ ಅಂತ ಮೂರು ಸಲ ಹೇಳಿದೆ. ಅಮ್ಮ ಕೇಳಿದ್ದು, "ನೀನು ಎಂತ ಬಾವಿಯ ಒಳಗಿಂದ ಮಾತಾಡುವುದಾ?" ಹಾರ್ನ್ ಅವರಿಗೆ ಸರಿಯಾಗಿ ಕೇಳುತ್ತಿತ್ತಂತೆ. ನನ್ನ ಸ್ವರ ಮಾತ್ರ ಅರ್ಧರ್ಧ ತುಂಡಾಗುತ್ತಿತ್ತು. ಸದ್ದು ಕತ್ತರಿಸುವ ಸಾಫ್ಟ್‌ವೇರ್ ಸ್ವರವನ್ನೂ ಸೇರಿಸಿ ಕತ್ತರಿಸಿದರೆ ಹೀಗೇ ಆಗುವುದು. ಕೆಳಗೆ ಕಡ್ಡಿ ಇರುವ ಮಾಡೆಲ್‌ನಲ್ಲಿ ಮೈಕ್ ಬಾಯಿಗೆ ಸ್ವಲ್ಪ ಹತ್ತಿರ ಬರುತ್ತದೆ, ಗುಂಡಗಿನದ್ದಕ್ಕಿಂತ ಅದು ವಾಸಿ, ಅಷ್ಟೆ.

ಇನ್ನೊಂದು ವಿಷಯ. ಬಡ್ಸ್‌ನ ಮೈಕ್ ಆನ್ ಆದ ಕೂಡಲೇ ಬ್ಲೂಟೂತ್ ಹಾಡಿನ ದಾರಿ ಬಿಟ್ಟು ಕಾಲ್‌ನ ದಾರಿಗೆ ಹೋಗುತ್ತದೆ, ಆಗ ನಿಮಗೆ ಕೇಳುವ ಸೌಂಡ್ ಕೂಡ ಹಳೆ ಲ್ಯಾಂಡ್‌ಲೈನ್ ಥರ ಆಗುತ್ತದೆ. ಅದು ಬಡ್ಸ್ ಹಾಳಾದದ್ದಲ್ಲ. ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಇದ್ದರೆ ಮೈಕ್ ಜಾಗದಲ್ಲಿ ಲ್ಯಾಪ್‌ಟಾಪಿನದ್ದೇ ಮೈಕ್ ಆರಿಸಿ, ಸ್ಪೀಕರ್ ಜಾಗದಲ್ಲಿ ಮಾತ್ರ ಬಡ್ಸ್ ಇಡಿ. ನಿಮಗೂ ಚೆನ್ನಾಗಿ ಕೇಳುತ್ತದೆ, ಅವರಿಗೂ.

ಮಳೆ ವಿಷಯಕ್ಕೆ ಬರುತ್ತೇನೆ. ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳಲಿಕ್ಕೆ ಐಪಿಎಕ್ಸ್ ಅಂತ ಒಂದು ನಂಬರ್ ಕೊಡುತ್ತಾರೆ. ಐಪಿಎಕ್ಸ್4 ಅಂದರೆ ಎಲ್ಲ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ ಅಂತ. 5 ಆದರೆ ಪೈಪಿನಿಂದ ಬಿಟ್ಟ ನೀರು. 7 ಆದರೆ ಒಂದು ಮೀಟರ್ ನೀರಲ್ಲಿ 30 ನಿಮಿಷ. ನಡುವಿನ ಎಕ್ಸ್ ಅಂದರೆ ಧೂಳಿನದ್ದು ಪರೀಕ್ಷೆ ಮಾಡಿದ ಲೆಕ್ಕ ಕೊಟ್ಟಿಲ್ಲ ಅಂತ. ಈ ಪರೀಕ್ಷೆ ಎಲ್ಲ ಉಪ್ಪಿಲ್ಲದ ನೀರಲ್ಲಿ ಮಾಡುವುದು. ನಮ್ಮ ಸಮಸ್ಯೆ ಬೆವರು, ಅದರಲ್ಲಿ ಉಪ್ಪುಂಟು. ಮತ್ತೆ ಆ ನಂಬರ್ ಸಾಮಾನ್ಯವಾಗಿ ಬಡ್ಸ್‌ಗೆ ಮಾತ್ರ, ಅವನ್ನು ಇಟ್ಟು ಚಾರ್ಜ್ ಮಾಡುವ ಕೇಸಿಗೆ ಅಲ್ಲ.

ನನ್ನದು ಹಾಳಾದದ್ದೂ ಕೇಸಿನಲ್ಲೇ. ಕಳೆದ ಜುಲೈಯಲ್ಲಿ ಒಂದು ಬೆಳಿಗ್ಗೆ ಎಡದ್ದು ಸುದ್ದಿಯೇ ಇಲ್ಲ. ಕೇಸಿಗೆ ಹಾಕಿದರೆ ಬಲದ ಲೈಟ್ ಹೊತ್ತುತ್ತದೆ, ಎಡದ್ದು ಇಲ್ಲ. ಸರ್ವಿಸ್ ಸೆಂಟರ್‌ಗೆ ಹೋದೆ, ಅಲ್ಲಿದ್ದವರು ಕೇಸಿನ ಮುಚ್ಚಳ ಕೂಡ ತೆರೆಯದೆ ನೀರು ಹೋಗಿದೆ, ವಾರಂಟಿ ಇಲ್ಲ ಅಂದರು. ಮನೆಗೆ ಬಂದು ಟಾರ್ಚ್ ಹಾಕಿ ನೋಡಿದೆ. ಎಡದ ಗುಂಡಿಯ ತಳದಲ್ಲಿ ಸಾಸಿವೆಗಿಂತ ಸಣ್ಣ ಎರಡು ಪಿನ್ ಉಂಟು, ಒತ್ತಿದರೆ ಕೆಳಗೆ ಹೋಗಿ ಮೇಲೆ ಬರುವಂಥದ್ದು. ಅದರಲ್ಲಿ ಒಂದರ ತಲೆ ಹಸಿರಾಗಿತ್ತು, ಹಳೇ ತಾಮ್ರದ ಚೊಂಬಿನ ಅಡಿ ಹಸಿರಾಗುತ್ತದಲ್ಲ, ಹಾಗೆ. ಮಳೆಯಲ್ಲಿ ಬಂದು ಒದ್ದೆ ಬಡ್ಸ್ ಹಾಗೇ ಕೇಸಿಗೆ ಹಾಕಿ ಮುಚ್ಚಿಟ್ಟದ್ದು ನಾನೇ. ಹತ್ತಿ ಕಡ್ಡಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆಲ್ಲ ಉಜ್ಜಿ, ಒಣಗಲಿಕ್ಕೆ ಬಿಟ್ಟೆ. ಲೈಟ್ ಹೊತ್ತಿತು. ಈವರೆಗೂ ಹೊತ್ತುತ್ತಾ ಉಂಟು.

ಈಗ ಮನೆಗೆ ಬಂದ ಕೂಡಲೇ ಬಡ್ಸ್ ಒರೆಸಿ ಫ್ಯಾನ್ ಕೆಳಗೆ ಹತ್ತು ನಿಮಿಷ ಇಟ್ಟು ಆಮೇಲೆ ಕೇಸಿಗೆ ಹಾಕುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಕೇಸನ್ನು ಚಪ್ಪಲಿ ಬಾಕ್ಸಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಂದು ಡಬ್ಬಿಯಲ್ಲಿ ಇಡುತ್ತೇನೆ. ಒಗೆದ ಅಂಗಿ ಮೂರು ದಿನಕ್ಕೂ ಒಣಗದ ಊರಲ್ಲಿ ಇಷ್ಟಾದರೂ ಮಾಡಬೇಕು. ಒಂದು ಬದಿಯ ಸೌಂಡ್ ಕಡಿಮೆಯಾದರೆ ಅದು ಬೇರೆ ಕಾಯಿಲೆ, ಜಾಸ್ತಿ ಸಲ ಕಿವಿಯ ಗುಗ್ಗೆ ಜಾಲರಿಯಲ್ಲಿ ಕೂತಿರುತ್ತದೆ. ಜಾಲರಿ ಕೆಳಮುಖ ಮಾಡಿ ಒಣ ಟೂತ್‌ಬ್ರಶ್‌ನಿಂದ ಉಜ್ಜಿ, ಪಿನ್ನು ಸೂಜಿ ಹಾಕಿ ಕೆದಕಬೇಡಿ.

ಬ್ಯಾಟರಿ 50 ಗಂಟೆ ಅಂತ ಬರೆದದ್ದು ಕೇಸಿಂದ ಮತ್ತೆ ಮತ್ತೆ ಚಾರ್ಜ್ ಮಾಡಿದ್ದನ್ನೂ ಸೇರಿಸಿ, ಅದೂ ಸಾಮಾನ್ಯವಾಗಿ ಅರ್ಧ ವಾಲ್ಯೂಮ್‌ನಲ್ಲಿ. ನನ್ನದು ಹೊಸತರಲ್ಲಿ ಒಂದೇ ಹಿಡಿತಕ್ಕೆ ಆರು ಗಂಟೆ ಬರುತ್ತಿತ್ತು, ಈಗ ನಾಲ್ಕೂವರೆ. ಒಳಗಿನ ಬ್ಯಾಟರಿ ಬದಲಿಸಲಿಕ್ಕೆ ಆಗುವಂಥದ್ದಲ್ಲ, ಅಂಟು ಹಾಕಿ ಮುಚ್ಚಿರುತ್ತಾರೆ. ಹಾಗಾಗಿ ಎರಡು ವರ್ಷದ ಸಾಮಾನು ಅಂತ ಲೆಕ್ಕ ಹಾಕಿಯೇ ದುಡ್ಡು ಕೊಡಿ.

ಬಸ್ಸಿನ ಸದ್ದಿಗೆ ಪೈಪೋಟಿ ಕೊಟ್ಟು ವಾಲ್ಯೂಮ್ ಏರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕದಲ್ಲಿ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90ಕ್ಕೆ ಹೋದರೆ ವಾರಕ್ಕೆ 4 ಗಂಟೆ ಮಾತ್ರ. ನಿಮ್ಮ ದಿನದ ಪ್ರಯಾಣ ಒಂದೂವರೆ ಗಂಟೆ ಹಿಡಿದರೂ ಮೂರೇ ದಿನಕ್ಕೆ ಆ ನಾಲ್ಕು ಗಂಟೆ ಖಾಲಿ. ಸರಿಯಾದ ರಬ್ಬರ್ ತುದಿ ಹಾಕಿದರೆ ಹೊರಗಿನ ಸದ್ದು ತಾನಾಗಿ ಕಡಿಮೆಯಾಗುತ್ತದೆ, ವಾಲ್ಯೂಮ್ ಅರ್ಧದಲ್ಲೇ ಸಾಕಾಗುತ್ತದೆ.

ಆನ್‌ಲೈನ್‌ನಲ್ಲಿ ತಗೊಂಡರೆ ವಾಪಸ್ ಕೊಡುವ ದಿನ ಮುಗಿಯುವುದರೊಳಗೆ ಒಂದು ಸಲ ಅದೇ ನಿಮ್ಮ ಬಸ್ಸಲ್ಲಿ, ರಶ್ ಇರುವಾಗ ಹಾಕಿಕೊಂಡು ನೋಡಿ, ಮನೆಯ ಸೋಫಾದಲ್ಲಿ ಕೂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸ್ಟೇಟ್‌ಬ್ಯಾಂಕ್‌ನ ಗದ್ದಲದಲ್ಲಿ ಹಾಡು ಕಟ್ ಕಟ್ ಆದರೆ ಹೆದರಬೇಡಿ, ಫೋನನ್ನು ಪ್ಯಾಂಟಿನ ಜೇಬಿಂದ ಅಂಗಿಯ ಜೇಬಿಗೆ ಹಾಕಿ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ನಮ್ಮ ಮೈಯಲ್ಲಿರುವ ನೀರು ಅದನ್ನು ಹೀರುತ್ತದೆ, ಮತ್ತೆ ಅದೇ ದಾರಿಯಲ್ಲಿ ವೈಫೈ, ಉಳಿದವರ ಬ್ಲೂಟೂತ್ ಎಲ್ಲವೂ ಓಡಾಡುತ್ತಿರುತ್ತವೆ. ಜಾಗ ಬದಲಿಸಿದರೂ ಕಟ್ ಆದರೆ ಮಾತ್ರ ವಾಪಸ್ ಕೊಡಿ.

ನಿಮಗೆ ದಾರಿಯಲ್ಲಿ ಕಾಲ್ ಬಂದೇ ಬರುತ್ತದೆ ಅಂತಾದರೆ ಬ್ಯಾಗಿನಲ್ಲಿ ಒಂದು ವಯರ್ ಇಯರ್‌ಫೋನ್ ಇಟ್ಟುಕೊಳ್ಳಿ. ನಾನು ಈಗಲೂ ಅದನ್ನೇ ಮಾಡುತ್ತಿದ್ದೇನೆ, ಮೈಕನ್ನು ಬಾಯಿ ಹತ್ತಿರ ಹಿಡಿದು ಮಾತಾಡಿದರೆ ಅಮ್ಮನಿಗೆ ಬಾವಿಯ ಸಂಶಯ ಬರುವುದಿಲ್ಲ.