ಲೆಕ್ಕಕ್ಕುಂಟು, ಆಟಕ್ಕಿಲ್ಲ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಪಿ.ಟಿ. ಮೇಷ್ಟ್ರು. ಎಂಟನೇ ತರಗತಿಯಲ್ಲಿ 42 ಮಕ್ಕಳು. ಒಬ್ಬ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ವಾಕರ್ ಹಿಡಿದು ನಡೆಯುತ್ತಾನೆ. ಒಬ್ಬ ಹುಡುಗಿಗೆ ದೃಷ್ಟಿ ತೀರಾ ಮಂದ. ಹುಡುಗನಿಗೆ ಸ್ಕೋರ್ ಬರೆಯುವ ಕೆಲಸ ಕೊಟ್ಟಿದ್ದೇನೆ, ಹುಡುಗಿ ಅವನ ಪಕ್ಕ ಕೂರುತ್ತಾಳೆ. ಆಡಿಸೋಣವೆಂದರೆ ಉಳಿದವರು ‘ಇವರನ್ನ ತಗೊಂಡ್ರೆ ಸೋಲ್ತೀವಿ ಸಾರ್’ ಅನ್ನುತ್ತಾರೆ. ‘ಬಿದ್ದರೆ ಯಾರ್ರೀ ಹೊಣೆ?’ ಅನ್ನುವುದು ಹೆಡ್‌ಮಾಸ್ಟರ ಮಾತು. ಸಾಮಾನಿಗೆ ದುಡ್ಡೂ ಇಲ್ಲ. ಏನು ಮಾಡಲಿ?
(ಚಿತ್ರದುರ್ಗ ಜಿಲ್ಲೆಯ ಓದುಗರು)

ಉತ್ತರ: ಮೇಷ್ಟ್ರೇ, ಚಿಕ್ಕ ಮಕ್ಕಳು ಹಟ ಹಿಡಿದಾಗ ದೊಡ್ಡವರು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರಲ್ಲ, ನಿಮ್ಮ ಹುಡುಗನದು ಅದರ ತಿರುವುಮುರುವು. ಲೆಕ್ಕವೆಲ್ಲ ಅವನ ಕೈಯಲ್ಲೇ, ಆಟ ಮಾತ್ರ ಬೇರೆಯವರದು. ಹಾಗಂತ ಮೊದಲಿನದೂ ಬೇಡ. ಒಮ್ಮೆ ನಾನೇ ಎಡವಿದ್ದೇನೆ. ಶಿಬಿರವೊಂದರಲ್ಲಿ ಇಂಥದೇ ಹುಡುಗ ಫುಟ್‌ಬಾಲ್ ಒದೆಯುವಾಗ ಗೋಲ್‌ಕೀಪರನ ಕಿವಿಯಲ್ಲಿ ‘ಬಿಟ್ಟುಕೊಡು’ ಅಂದಿದ್ದೆ. ಚೆಂಡು ಬರುವ ಮೊದಲೇ ಗೋಲ್‌ಕೀಪರ್ ಆ ಕಡೆ ಉರುಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಗೋಲು ಹೊಡೆದವನು ಮಾತ್ರ ತಲೆ ತಗ್ಗಿಸಿಕೊಂಡು ಹೋಗಿ ನೀರು ಕುಡಿದ. ಆಮೇಲೆ ಅವನು ಅವತ್ತು ಆಡಲಿಲ್ಲ.

‘ಸೋಲ್ತೀವಿ’ ಅನ್ನುವ ಮಕ್ಕಳನ್ನು ಬೈಯಬೇಡಿ. ಈಗಿರುವ ನಿಯಮದಲ್ಲಿ ಅವರು ಸೋಲುವುದು ನಿಜ. ಅಂಧರ ಕ್ರಿಕೆಟ್ ಈ ಗಂಟನ್ನು ಬಿಡಿಸಿದ ರೀತಿ ನೋಡಿ. ಹನ್ನೊಂದು ಜನರಲ್ಲಿ ಪೂರ್ತಿ ಕಣ್ಣು ಕಾಣದ ನಾಲ್ವರಾದರೂ ಇರಲೇಬೇಕು, ಅವರು ಹೊಡೆದ ಒಂದು ರನ್ನಿಗೆ ಎರಡರ ಲೆಕ್ಕ. ಅಲ್ಲಿಗೆ ಅಂಥ ಆಟಗಾರ ತಂಡಕ್ಕೆ ಹೊರೆಯಲ್ಲ, ಬೇಕಾದವನು. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ಆ ಆಟದಲ್ಲಿ ಭಾರತದ ನಾಯಕರಾಗಿ, 2017ರಲ್ಲಿ ಪದ್ಮಶ್ರೀ ಪಡೆದರು.

ನಿಮ್ಮ ಅಂಗಳಕ್ಕೆ ಲಗೋರಿ ಸಾಕು. ಬಿಲ್ಲೆಗಳನ್ನು ನೆಲದ ಬದಲು ಅಲುಗಾಡದ ಸ್ಟೂಲಿನ ಮೇಲೆ ಪೇರಿಸಿ; ವಾಕರ್ ಹಿಡಿದವನು ಬಗ್ಗಬೇಕಿಲ್ಲ. ಹಳೆ ಕಾಲುಚೀಲಕ್ಕೆ ಬಟ್ಟೆ ತುರುಕಿ ಚೆಂಡು ಮಾಡಿ, ಬಿದ್ದರೂ ಏಟಾಗದು. ಅವನು ಎಸೆಯುವ ಗೆರೆ ಹತ್ತಿರವಿರಲಿ. ಕಡೆಯ ಬಿಲ್ಲೆ ಇಡುವುದು ಅವನೇ, ಅದಿಲ್ಲದೆ ಲಗೋರಿ ಆಗದು ಎಂದು ಸಾರಿಬಿಡಿ. ಆದರೆ ಅವನಿಗೂ ಚೆಂಡು ತಾಗಿದರೆ ಔಟೇ, ರಿಯಾಯಿತಿ ಇಲ್ಲ. ಹತ್ತಿರದ ಗೆರೆಯಿಂದ ಸಲೀಸಾಗಿ ಹೊಡೆಯತೊಡಗಿದರೆ ಒಂದು ಹೆಜ್ಜೆ ಹಿಂದಕ್ಕೆ ಸರಿಸಿ. ಗೆರೆ ಎಲ್ಲಿರಬೇಕು ಎಂದು ಅವನನ್ನೇ ಕೇಳಿ. ಇದನ್ನು ಕೇಳುವವರು ಎಷ್ಟು ಕಡಿಮೆ ಎಂದರೆ, ಮೊದಲ ಸಲ ಅವನು ಉತ್ತರವನ್ನೇ ಕೊಡದಿರಬಹುದು. ಕಾಯಿರಿ.

ಹುಡುಗಿಯ ವಿಷಯ ಇನ್ನೂ ಸುಲಭ. ಕೆಂಪು ಮಣ್ಣಿನ ಅಂಗಳದಲ್ಲಿ ಕೆಂಪು ರಬ್ಬರ್ ಚೆಂಡು ಅವಳಿಗೆ ಕಾಣದು, ಹಳದಿ ತನ್ನಿ. ಅದೂ ಸಾಲದಿದ್ದರೆ ಚೆಂಡನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಗಂಟು ಕಟ್ಟಿ. ಉರುಳುವಾಗ ಚರಚರ ಸದ್ದು ಬರುತ್ತದೆ, ಕಿವಿಯೇ ದಾರಿ ತೋರಿಸುತ್ತದೆ. ಸಿಮೆಂಟ್ ನೆಲವಿದ್ದರೆ ಗೆರೆಯುದ್ದಕ್ಕೂ ಹುರಿ ಹಾಸಿ ಮೇಲೆ ಟೇಪ್ ಅಂಟಿಸಿ, ಕಾಲಿಗೆ ಗೆರೆ ಸಿಗುತ್ತದೆ. ದೃಷ್ಟಿ ಇಲ್ಲದವರ ಗೋಲ್‌ಬಾಲ್ ಅಂಕಣ ಹೀಗೇ ಸಿದ್ಧವಾಗುವುದು. ಓಟಕ್ಕೆ ಗೆಳತಿಯೊಬ್ಬಳನ್ನು ಜೊತೆ ಮಾಡಿ, ಚಿಕ್ಕ ದಾರದ ಒಂದೊಂದು ತುದಿ ಇಬ್ಬರ ಕೈಯಲ್ಲೂ ಇರಲಿ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಹೀಗೆಯೇ ಓಡಿ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರು. ಜೊತೆಗಾರ ಗುರಿಗೆರೆಯನ್ನು ಓಟಗಾರ್ತಿಗಿಂತ ಮೊದಲು ದಾಟಕೂಡದು ಎಂಬುದು ಅಲ್ಲಿನ ನಿಯಮ. ನಿಮ್ಮಲ್ಲೂ ಅದನ್ನೇ ಇಡಿ. ಎಳೆದುಕೊಂಡು ಹೋಗುವುದಕ್ಕೂ ಜೊತೆಗೆ ಓಡುವುದಕ್ಕೂ ಇರುವ ವ್ಯತ್ಯಾಸ ಗೆಳತಿಗೂ ಗೊತ್ತಾಗಲಿ.

ಹೆಡ್‌ಮಾಸ್ಟರಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ತೋರಿಸಿ. ಈ ಮಕ್ಕಳಿಗೂ ಉಳಿದವರ ಸಮನಾಗಿ ಆಟದ ಅವಕಾಶ ಕೊಡಬೇಕೆಂದು ಅದರಲ್ಲೇ ಇದೆ. ಹೊಣೆಯ ಭಯ ಸುಳ್ಳಲ್ಲ, ಅದಕ್ಕೇ ಅಪ್ಪ-ಅಮ್ಮನನ್ನು ಕರೆಸಿ, ಫಿಟ್ಸ್ ಬರುತ್ತದೆಯೇ, ಆಪರೇಷನ್ ಆಗಿದೆಯೇ, ಯಾವ ಮಾತ್ರೆ ಎಂದು ಬರೆದಿಟ್ಟುಕೊಳ್ಳಿ. ಹುಡುಗನ ಸ್ನಾಯುಗಳು ಚಳಿಗೆ ಬಿಗಿಯುತ್ತವೆ, ಬೆಳಗಿನ ಮೊದಲ ಪೀರಿಯಡ್ ಆದರೆ ಮೈ ಬಿಸಿಯಾಗಲು ಹೆಚ್ಚು ಹೊತ್ತು ಕೊಡಿ.

ಪ್ರಶ್ನೆ: ನನ್ನ ಮಗಳಿಗೆ ಡೌನ್ ಸಿಂಡ್ರೋಮ್, ವಯಸ್ಸು 13. ಯೋಗ ತರಗತಿಗೆ ಕರೆದುಕೊಂಡು ಹೋದರೆ ‘ಶೀರ್ಷಾಸನ ಮಾಡಿಸೋಕಾಗಲ್ಲ, ಮನೆಯಲ್ಲೇ ಮಾಡಿಸಿ’ ಎಂದು ಕಳಿಸಿದರು. ಇದು ಸರಿಯೇ?
(ಮೈಸೂರಿನ ತಾಯಿ)

ಉತ್ತರ: ಅರ್ಧ ಸರಿ ತಾಯಿ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳನ್ನು ಹಿಡಿದಿಡುವ ಕಟ್ಟು ಸಡಿಲವಾಗಿರುತ್ತದೆ. ತಲೆಯ ಭಾರ ಕತ್ತಿಗೆ ಬಿದ್ದರೆ ಬೆನ್ನುಹುರಿಗೇ ಅಪಾಯ. ಹಾಗಾಗಿ ಶೀರ್ಷಾಸನ, ಸರ್ವಾಂಗಾಸನ, ಹಲಾಸನ, ಲಾಗ ಹಾಕುವುದು ಬೇಡವೇ ಬೇಡ. ಕತ್ತು ನೋವು, ತಲೆ ವಾಲುವುದು, ನಡಿಗೆ ಬದಲಾಗುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದ ಹೃದಯದ ತೊಂದರೆ ಇರುವುದರಿಂದ ಅದರ ತಪಾಸಣೆ ಆಗಿದೆಯೇ ನೋಡಿ.

ಆದರೆ ತಾಡಾಸನಕ್ಕೆ, ವೃಕ್ಷಾಸನಕ್ಕೆ ಏನಡ್ಡಿ? ನಾಲ್ಕು ಆಸನ ಆಗದು ಎಂದು ನಲವತ್ತನ್ನೂ ಬೇಡ ಅನ್ನುವುದು ಸೋಮಾರಿತನ. ಮತ್ತೆ ಹೋಗಿ, ವೈದ್ಯರ ಚೀಟಿ ಕೈಯಲ್ಲಿರಲಿ. ‘ಸಾರ್, ಬಾಯಲ್ಲಿ ಹೇಳುವುದಕ್ಕಿಂತ ಎದುರು ನಿಂತು ಮಾಡಿ ತೋರಿಸಿ, ಒಂದು ಸಲಕ್ಕೆ ಒಂದೇ ಮಾತು’ ಎಂದು ಕೇಳಿಕೊಳ್ಳಿ.

ಪ್ರಶ್ನೆ: ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿದ್ದೇನೆ. ನನಗೂ ವ್ಯಾಯಾಮ ಬೇಕೇ?
(ಕಲಬುರಗಿಯ ಓದುಗರು)

ಉತ್ತರ: ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ವಾರಕ್ಕೆ 150 ನಿಮಿಷದ ಲೆಕ್ಕ ಅಂಗವೈಕಲ್ಯ ಇರುವ ವಯಸ್ಕರಿಗೂ ಅನ್ವಯಿಸುತ್ತದೆ. ಹತ್ತು ನಿಮಿಷ ಕುರ್ಚಿ ತಳ್ಳುವುದರಿಂದ ಶುರು ಮಾಡಿ. ಪೆಟ್ಟು ಬೆನ್ನುಹುರಿಯ ಮೇಲ್ಭಾಗದಲ್ಲಿದ್ದರೆ ಅದರ ಕೆಳಗೆ ಬೆವರು ಬರುವುದಿಲ್ಲ, ಮೈ ಕಾಯುವುದು ಗೊತ್ತೂ ಆಗುವುದಿಲ್ಲ. ನಿಮ್ಮೂರಿನ ಬೇಸಿಗೆ ಗೊತ್ತಲ್ಲ, ಬೆಳಿಗ್ಗೆ ಏಳರೊಳಗೆ ಮುಗಿಸಿ, ಕುರ್ಚಿಗೆ ಒದ್ದೆ ಟವೆಲ್ ನೇತುಹಾಕಿಕೊಂಡಿರಿ.