ಹಳೆಯ ಕಾರಿನ ಇಸಿಯುನಲ್ಲಿ ಕೆಪಾಸಿಟರ್ ಬದಲಿಸಿದರೆ ಸಾಕೇ?

ನಿಮ್ಮದು ತೊಂಬತ್ತರ ದಶಕದ ಕಾರು, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿದೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬಿಚ್ಚಿದರೆ ಒಂದು ಕೆಪಾಸಿಟರ್ ಬುಡದಲ್ಲಿ ಕಂದು ಕಲೆ ಕಂಡಿತು ಎಂದಿದ್ದೀರಿ. ಅದೊಂದನ್ನೇ ಬದಲಿಸಿದರೆ ಸಾಲದು. ಬೋರ್ಡಿನಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೆಲ್ಲ (ಒಳಗೆ ದ್ರವವಿರುವ, ಪುಟ್ಟ ಡಬ್ಬಿಯಂಥವು) ತೆಗೆಯಿರಿ. ಹೊಸದನ್ನು ಕೂರಿಸುವ ಮುನ್ನ ಬೋರ್ಡನ್ನು ತೊಳೆಯಿರಿ. ಈ ಎರಡನೆಯ ಮಾತನ್ನು ನಾನು ಕಷ್ಟಪಟ್ಟು ಕಲಿತೆ.

ತುಮಕೂರಿನಲ್ಲಿ ಟಿವಿ, ಯುಪಿಎಸ್ ರಿಪೇರಿ ನನ್ನ ಕಸುಬು. ನನ್ನ ಹಳೆಯ ಕಾರು ಒಂದು ದಿನ ಕ್ಯಾತ್ಸಂದ್ರದ ಬಳಿ ನಿಂತುಬಿಟ್ಟಿತು. "ಕಂಪ್ಯೂಟರ್ ಹೋಗಿದೆ ಸಾರ್, ಗುಜರಿಯಲ್ಲಿ ಇನ್ನೊಂದು ನೋಡೋಣ" ಎಂದರು ಮೆಕ್ಯಾನಿಕ್. ನನಗೆ ಮನಸ್ಸು ಒಪ್ಪಲಿಲ್ಲ. ಇಸಿಯು ಮುಚ್ಚಳ ತೆಗೆದೊಡನೆ ಒಣಮೀನಿನಂಥ ವಾಸನೆ. ಮೂರು ಕೆಪಾಸಿಟರ್ ಬದಲಿಸಿ, ಸೋರಿದ್ದನ್ನು ಬಟ್ಟೆಯಲ್ಲಿ ಒರೆಸಿದೆ, ಗಾಡಿ ಓಡಿತು. ಎರಡು ತಿಂಗಳಿಗೆ ಮತ್ತೆ ನಿಂತಿತು. ಭೂತಗನ್ನಡಿ ಹಿಡಿದು ನೋಡಿದರೆ, ಹೊಸ ಕೆಪಾಸಿಟರ್ ಅಡಿಯಿಂದ ಹೊರಟ ಕೂದಲೆಳೆಯಂಥ ಟ್ರ್ಯಾಕ್ (ಬೋರ್ಡಿನ ಮೇಲಿನ ತಾಮ್ರದ ಗೆರೆ) ಹಸಿರುಗಟ್ಟಿ ನಡುವೆ ತುಂಡಾಗಿತ್ತು. ಕೆಪಾಸಿಟರ್ ಒಳಗಿನ ದ್ರವ ತಾಮ್ರವನ್ನು ತಿನ್ನುತ್ತದೆ. ಅಂಚಿನಲ್ಲಿ ಉಳಿದ ಒಂದು ಹನಿ ಸಾಕು.

ಆದರೆ ಬೋರ್ಡಿಗೆ ಕೈಹಾಕುವ ಮೊದಲು ಫ್ಯೂಸ್, ಮೇನ್ ರಿಲೇ (ಇಸಿಯುಗೆ ಕರೆಂಟ್ ಹಾಯಿಸುವ ಸ್ವಿಚ್), ಅರ್ಥ್ ತಂತಿ ಪರೀಕ್ಷಿಸಿ. ಕೀಲಿ ತಿರುಗಿಸಿದಾಗ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳದಿದ್ದರೆ ಇಸಿಯುಗೆ ಕರೆಂಟೇ ಬರುತ್ತಿಲ್ಲದಿರಬಹುದು. ಬ್ಯಾಟರಿಯ ನೆಗೆಟಿವ್ ಬಿಚ್ಚಿಯೇ ಇಸಿಯು ಹೊರತೆಗೆಯಿರಿ.

ಪ್ರತಿ ಕೆಪಾಸಿಟರಿನ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ (ಅದರ ಸಾಮರ್ಥ್ಯದ ಅಳತೆ), ವೋಲ್ಟ್, ನೆಗೆಟಿವ್ ಪಟ್ಟಿ ಯಾವ ಕಡೆಗಿದೆ ಎಂಬುದರ ಫೋಟೊ ತೆಗೆದುಕೊಳ್ಳಿ. ಹಿಂದುಮುಂದಾಗಿ ಹಾಕಿದರೆ ಅದು ಸಿಡಿಯಬಹುದು. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚು. 50 ವೋಲ್ಟ್ ಇದ್ದ ಜಾಗಕ್ಕೆ, ಕಾರಿನದು 12 ವೋಲ್ಟ್ ತಾನೇ ಎಂದು 16ರದ್ದನ್ನು ಹಾಕಬೇಡಿ. ಚಾರ್ಜಿಂಗ್ ವೇಳೆ 14 ದಾಟುತ್ತದೆ, ನಡುನಡುವೆ ಅದಕ್ಕಿಂತ ಬಹಳ ಮೇಲೇರುವುದೂ ಉಂಟು. 105 ಡಿಗ್ರಿ ಎಂದು ಬರೆದಿರುವುದನ್ನೇ ಕೊಳ್ಳಿ, 85ರದ್ದು ಬೇಡ. ಕೊಳ್ಳಲು ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವುದಾದರೆ ಹಳೆಯವನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ: ಎತ್ತರ ಹೆಚ್ಚಾದರೆ ಇಸಿಯು ಮುಚ್ಚಳ ಕೂರುವುದಿಲ್ಲ.

ಬೋರ್ಡಿನ ಮೇಲೆ ವಾರ್ನಿಷ್‌ನಂಥ ಲೇಪವಿರುತ್ತದೆ. ಬೆಸುಗೆಯ ಜಾಗದಲ್ಲಿ ಅದನ್ನು ಮೆಲ್ಲಗೆ ಕೆರೆಯಿರಿ. ಹಳೆಯ ಬೆಸುಗೆ ಕರಗದಿದ್ದರೆ ಅದರ ಮೇಲೆ ಸ್ವಲ್ಪ ಹೊಸ ಬೆಸುಗೆ ಸೀಸ (ಸೋಲ್ಡರ್) ತಾಗಿಸಿ, ಸಲೀಸಾಗಿ ಬಿಡುತ್ತದೆ. ಎಳೆದಾಡಿದರೆ ತೂತಿನೊಳಗಿನ ತಾಮ್ರವೇ ಕಿತ್ತುಬರುತ್ತದೆ. ನಂತರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಲ್ಲುಜ್ಜುವ ಬ್ರಷ್ ಹಿಡಿದು, ವಾಸನೆ ಹೋಗುವವರೆಗೂ ಉಜ್ಜಿ. ಒಣಗಿದ ಮೇಲೆ ಕಲೆ ಹರಡಿದ್ದ ಒಂದೊಂದು ಟ್ರ್ಯಾಕನ್ನೂ ಮಲ್ಟಿಮೀಟರ್‌ನ ಬೀಪ್‌ಗೆ ಇಟ್ಟು ನೋಡಿ: ಎರಡು ತುದಿಗೆ ಮುಟ್ಟಿಸಿದಾಗ ಸದ್ದು ಬಾರದಿದ್ದರೆ ಅದು ತುಂಡಾಗಿದೆ. ತಾಳ್ಮೆ ಬೇಡುವ ಕೆಲಸ ಇದು. ಕೆಪಾಸಿಟರ್ ಕೂರಿಸುವುದು ಕಾಲು ಗಂಟೆ, ಟ್ರ್ಯಾಕ್ ಹುಡುಕಲು ನನಗೆ ಇಡೀ ಸಂಜೆ ಹಿಡಿಯಿತು.

ನೀವು ಎಂದೂ ಸೋಲ್ಡರಿಂಗ್ ಐರನ್ ಹಿಡಿದಿಲ್ಲವಾದರೆ ಮೊದಲು ಸತ್ತ ರೇಡಿಯೋ ಬೋರ್ಡಿನಲ್ಲಿ ಕೈ ಪಳಗಿಸಿಕೊಳ್ಳಿ. ಐಸಿಯ (ಚಿಪ್‌ನ) ಕಾಲುಗಳೇ ಸವೆದಿದ್ದರೆ ಬಲ್ಲವರಿಗೆ ಕೊಡಿ. ಟ್ರ್ಯಾಕ್ ಮಾತ್ರ ತುಂಡಾಗಿದ್ದರೆ ಹೆದರಬೇಡಿ, ಎರಡು ತುದಿಗೂ ಸಣ್ಣ ತಂತಿ ಬೆಸೆದು ಮೇಲೆ ವಾರ್ನಿಷ್ ಹಚ್ಚಿ. ಬೆರಳುದ್ದದ ಅಂಥದ್ದೊಂದು ತಂತಿಯ ಮೇಲೆಯೇ ನನ್ನ ಕಾರು ಈಗಲೂ ಓಡುತ್ತಿದೆ.