ಬಸಿರಿನಲ್ಲಿ ದಿನವೂ ಎನೊಕ್ಸಪರಿನ್ ಚುಚ್ಚುಮದ್ದು ತೆಗೆದುಕೊಂಡರೆ ಮಗುವಿಗೆ ತೊಂದರೆಯಾಗುವುದೇ?

ಮೊದಲ ಬಸಿರಿನಲ್ಲಿ ನಿಮ್ಮ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೆಂದೂ, ಈಗ ಮತ್ತೆ ಗರ್ಭಿಣಿಯಾಗಿರುವ ನಿಮಗೆ ವೈದ್ಯರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನೊಕ್ಸಪರಿನ್ ಚುಚ್ಚುಮದ್ದನ್ನು ದಿನಕ್ಕೊಂದರಂತೆ ಬರೆದಿದ್ದಾರೆಂದೂ, ಅತ್ತೆಯವರು ಮಗುವಿಗೆ ಕೆಡುಕಾದೀತೆಂದು ಅಂಜಿ ‘ಮಾತ್ರೆ ಸಾಲದೇ’ ಎನ್ನುತ್ತಿದ್ದಾರೆಂದೂ ಬರೆದಿದ್ದೀರಿ. ನಾನು ವೈದ್ಯೆಯಲ್ಲ, ಇದೇ ಕಾರಣಕ್ಕೆ ಎರಡನೆಯ ಬಸಿರಿನುದ್ದಕ್ಕೂ, ಹೆರಿಗೆಯ ನಂತರ ಆರು ವಾರವೂ ಈ ಮದ್ದನ್ನು ಕೈಯಾರೆ ಚುಚ್ಚಿಕೊಂಡವಳು.

ಅತ್ತೆಯವರ ಅಂಜಿಕೆಗೆ ಉತ್ತರ ಮಾಸಿನಲ್ಲಿ (ಪ್ಲಾಸೆಂಟಾ) ಇದೆ. ಹೆಪಾರಿನ್ ಜಾತಿಯ ಈ ಔಷಧದ ಅಣುಗಳು ದೊಡ್ಡವಾದ್ದರಿಂದ ಮಾಸನ್ನು ದಾಟಿ ಮಗುವಿನ ರಕ್ತವನ್ನು ಸೇರುವುದಿಲ್ಲ. ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುವ ವಾರ್ಫರಿನ್ ಮಾತ್ರೆ ದಾಟುತ್ತದೆ. 6ರಿಂದ 12ನೆಯ ವಾರದ ನಡುವೆ ಅದು ಮಗುವಿನ ಮೂಗು ಮತ್ತು ಮೂಳೆಗಳ ಬೆಳವಣಿಗೆಯನ್ನು ಕೆಡಿಸಬಲ್ಲದು. ರಿವರಾಕ್ಸಬಾನ್, ಅಪಿಕ್ಸಬಾನ್‌ನಂತಹ ಹೊಸ ಮಾತ್ರೆಗಳನ್ನೂ ಗರ್ಭಿಣಿಯರಿಗೆ ಕೊಡುವುದಿಲ್ಲ. (ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರ ಲೆಕ್ಕ ಬೇರೆ.)

ಹೆರಿಗೆಯ ರಕ್ತಸ್ರಾವವನ್ನು ತಡೆಯಲು ದೇಹ ಮೊದಲೇ ಸಜ್ಜಾಗುವುದರಿಂದ ಬಸಿರಿನಲ್ಲಿ ಹೆಪ್ಪುಗಟ್ಟುವ ಅಪಾಯ ನಾಲ್ಕೈದು ಪಟ್ಟು ಏರುತ್ತದೆ. ಬಲಗಾಲಿಗೆ ಹೋಗುವ ಅಪಧಮನಿಯು ಎಡಗಾಲಿನಿಂದ ಬರುವ ಅಭಿಧಮನಿಯ ಮೇಲೆ ಹಾದು ಅದನ್ನು ಒತ್ತುವುದರಿಂದ, ನಿಮ್ಮಂತೆ ನನಗೂ ಎಡಗಾಲೇ ಊದಿತ್ತು.

ನನ್ನ ತೂಕಕ್ಕೆ 40 ಮಿಲಿಗ್ರಾಂ ಬರೆದಿದ್ದರು. ನಿಮ್ಮ ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು. ಸಿರಿಂಜಿನೊಳಗಿನ ಚಿಕ್ಕ ಗಾಳಿಗುಳ್ಳೆಯನ್ನು ಹೊರಹಾಕಬೇಡಿ. ಔಷಧದ ಕೊನೆಯ ಹನಿಯನ್ನೂ ಒಳಗೆ ತಳ್ಳುವುದು ಅದೇ. ಹೊಕ್ಕುಳಿನಿಂದ ದೂರ, ಹೊಟ್ಟೆಯ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆಯಾಗಿ ಹಿಡಿದು ಸೂಜಿಯನ್ನು ನೇರವಾಗಿ ಇಳಿಸಿ, ಮದ್ದು ಪೂರ್ತಿ ಹೋಗುವ ತನಕ ಮಡಿಕೆಯನ್ನು ಬಿಡಬೇಡಿ, ಆಮೇಲೆ ಉಜ್ಜಲೇಬೇಡಿ. ಉಜ್ಜಿದ ದಿನವೆಲ್ಲ ನನಗೆ ನೇರಳೆಹಣ್ಣಿನ ಬಣ್ಣದ ಕಲೆ ಮೂಡುತ್ತಿತ್ತು. ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ ಚುಚ್ಚಿಕೊಳ್ಳುತ್ತಿದ್ದೆ.

ಹೆರಿಗೆ ನೋವು ಶುರುವಾಯಿತೆನಿಸಿದರೆ ಮುಂದಿನ ಮದ್ದನ್ನು ತೆಗೆದುಕೊಳ್ಳದೆ ಆಸ್ಪತ್ರೆಗೆ ಕರೆ ಮಾಡಿ, ಕೊನೆಯದನ್ನು ಎಷ್ಟು ಗಂಟೆಗೆ ತೆಗೆದುಕೊಂಡಿರೆಂದು ತಿಳಿಸಿ. ಮುಂಜಾಗ್ರತೆಯ ಪ್ರಮಾಣವಾದರೆ 12 ಗಂಟೆ, ಪೂರ್ಣ ಚಿಕಿತ್ಸೆಯ ಪ್ರಮಾಣವಾದರೆ 24 ಗಂಟೆ ಕಳೆಯದೆ ಬೆನ್ನಿಗೆ ಅರಿವಳಿಕೆ ಕೊಡುವುದಿಲ್ಲ.

ನೀವು ಕೇಳದಿದ್ದರೂ ನಾನು ಒತ್ತಿ ಹೇಳಬೇಕಾದದ್ದು ಬಾಣಂತನದ ವಿಷಯ. ಮಗು ಹುಟ್ಟಿತು, ಇನ್ನೇಕೆ ಸೂಜಿ ಎಂದು ಮನೆಯಲ್ಲಿ ಕೇಳುವ ಆ ವಾರಗಳೇ ಎಲ್ಲಕ್ಕಿಂತ ಅಪಾಯದವು. ಬಾಣಂತಿಗೆ ನೀರು ಹೆಚ್ಚಾದರೆ ಶೀತವಾಗುತ್ತದೆಂದು ಲೋಟ ಲೆಕ್ಕ ಹಾಕಿ ಕೊಡುವ, ಮಂಚ ಬಿಟ್ಟು ಏಳಗೊಡದ ರೂಢಿ ನಮ್ಮಲ್ಲಿನ್ನೂ ಉಳಿದಿದೆ. ನೀರಿಲ್ಲದ, ಅಲುಗಾಡದ ಮೈಯಲ್ಲಿ ರಕ್ತ ಹೆಪ್ಪುಗಟ್ಟುವುದು ಇನ್ನೂ ಸುಲಭ. ಕಾಲಲ್ಲಷ್ಟೇ ಅಲ್ಲ, ಮಿದುಳಿನ ಅಭಿಧಮನಿಗಳಲ್ಲಿಯೂ ಬಾಣಂತಿಯರಿಗೆ ಹೀಗಾಗುತ್ತದೆ. ಬಿಡದ ತಲೆನೋವು, ಫಿಟ್ಸ್, ಮಂಜಾಗುವ ಕಣ್ಣು, ಒಂದೇ ಕಾಲಿನ ಊತ, ಇದ್ದಕ್ಕಿದ್ದಂತೆ ಬರುವ ಏದುಸಿರು ಅಥವಾ ಎದೆನೋವು ಕಂಡರೆ ದೃಷ್ಟಿ, ಗಾಳಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಈ ಚುಚ್ಚುಮದ್ದು ನಡೆಯುವಾಗಲೇ ಮಗುವಿಗೆ ಧಾರಾಳವಾಗಿ ಎದೆಹಾಲು ಕೊಡಬಹುದು.

ಮುಂದಿನ ತಪಾಸಣೆಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ನೀರಿನ ಮಾತನ್ನೂ ಆರು ವಾರದ ಮಾತನ್ನೂ ವೈದ್ಯರ ಬಾಯಿಂದಲೇ ಅವರು ಕೇಳುವಂತೆ ಮಾಡಿ.